ವಿಲ್ನಾ ನಗರದ ಗ್ರಂಥರಕ್ಷಕರು: ಚರಿತ್ರೆಯೂ ಕಲ್ಪನೆಯೂ

ಇತ್ತೀಚಿನ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಪಾಶ್ಚಾತ್ಯ ಭಾಷೆಗಳ ಐತಿಹಾಸಿಕ ಕಾದಂಬರಿಯಲ್ಲಿ ಹೊಸಬನೊಬ್ಬ ನಾಯಕನ ಸ್ಥಾನಕ್ಕೆ ಬಂದಿದ್ದಾನೆ. ಅವನು ಗ್ರಂಥಪಾಲಕ. ಗಳಗನಾಥರಿಂದ ತ. ರಾ. ಸು. ಅವರವರೆಗಿನ ಕಾದಂಬರಿಗಳನ್ನು ಓದಿ ಬೆಳೆದ ನಮಗೆ ಕೋಟೆ ಕೊತ್ತಲಗಳೂ ದಂಡನಾಯಕರೂ ಇಲ್ಲದ ಚಾರಿತ್ರಿಕ ಕಥೆಯನ್ನು ಕಲ್ಪಿಸಿಕೊಳ್ಳುವುದು ತುಸು ಕಷ್ಟವೇ ಸರಿ. ಶತ್ರುಸೈನ್ಯ ಬಂದು ನೆಲೆಯೂರಿರುವ ಊರಿನಲ್ಲಿ, ಕಪಾಟಿನ ಬೀಗದ ಕೈಗಳ ಹೊರತು ಬೇರಾವ ಆಯುಧವೂ ಇಲ್ಲದ ಒಬ್ಬ ಮನುಷ್ಯ ಯಾರನ್ನು ತಾನೆ ಎದುರಿಸಿಯಾನು? ಆದರೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಝಿ ಜರ್ಮನಿಯ ಆಳ್ವಿಕೆಗೆ ಸಿಕ್ಕಿದ ಯೂರೋಪಿನ ಹಲವು ನಗರಗಳಲ್ಲಿ ಇಂತಹವರು ಎದುರಿಸಿದರೆಂಬುದು ಕಾದಂಬರಿಕಾರರ ಸೃಷ್ಟಿಯಲ್ಲ, ದಾಖಲೆಗಳಿಂದ ಸಿದ್ಧವಾಗುವ ಸಂಗತಿ.

ಜೆರಾಲ್ಡೀನ್ ಬ್ರೂಕ್ಸ್ ಅವರ ‘ಪೀಪಲ್ ಆಫ್ ದ ಬುಕ್’ (2008) ಸರಾಯೆವೊ ನಗರದ ವಸ್ತುಸಂಗ್ರಹಾಲಯದಲ್ಲಿದ್ದ ಒಂದು ಹೀಬ್ರೂ ಹಸ್ತಪ್ರತಿಯನ್ನು ಕುರಿತದ್ದು. ಹದಿನಾಲ್ಕನೆಯ ಶತಮಾನದಲ್ಲಿ ಸ್ಪೇನ್ ದೇಶದಲ್ಲಿ ಸಿದ್ಧವಾದ ಆ ಸಚಿತ್ರ ಗ್ರಂಥವನ್ನು 1942ರಲ್ಲಿ ಜರ್ಮನರ ಕೈಗೆ ಸಿಕ್ಕದಂತೆ ಕಾಪಾಡಿದವರು ಡೆರ್ವಿಶ್ ಕೊರ್ಕುಟ್ ಎಂಬ ಮುಸಲ್ಮಾನ ವಿದ್ವಾಂಸರು. ಕಾದಂಬರಿಯಲ್ಲಿ ಅವರ ಹೆಸರೂ ಬದುಕಿನ ಹಲವು ವಿವರಗಳೂ ಬದಲಾಗಿವೆ. ಸ್ಪೇನಿನ ಅಂತೋನಿಯೊ ಇತುರ್ಬೆ 2012ರಲ್ಲಿ ಪ್ರಕಟಿಸಿದ ಕಾದಂಬರಿಯು ಆಶ್ವಿಟ್ಜ್ ಯಾತನಾಶಿಬಿರದ ಮಕ್ಕಳ ವಿಭಾಗದಲ್ಲಿ ಬೆರಳೆಣಿಕೆಯ ಪುಸ್ತಕಗಳನ್ನು ಗುಟ್ಟಾಗಿ ಕಾಯುತ್ತಿದ್ದ ಹದಿನಾಲ್ಕರ ಬಾಲಕಿಯ ಕಥೆ. ಮೂರನೆಯದು ಜಾನೆಟ್ ಸ್ಕೆಸ್ಲಿಯನ್ ಚಾರ್ಲ್ಸ್ ಅವರ ‘ದ ಪ್ಯಾರಿಸ್ ಲೈಬ್ರರಿ’. ಇದರ ವಸ್ತು ಪ್ಯಾರಿಸ್ಸಿನಲ್ಲಿರುವ ಅಮೆರಿಕನ್ ಗ್ರಂಥಾಲಯ. ಅಲ್ಲಿ ಸ್ವತಃ ಕೆಲಸ ಮಾಡಿದ್ದ ಲೇಖಕಿಗೆ ಆ ಗ್ರಂಥಾಲಯದ ಯುದ್ಧಕಾಲದ ಚರಿತ್ರೆ ಅಲ್ಲಿಯೇ ಪರಿಚಯವಾಯಿತು.

ಪ್ಯಾರಿಸ್ಸಿನ ಪ್ರಸಂಗವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕಥೆಗಾರನಿಗೂ ಚರಿತ್ರಕಾರನಿಗೂ ಇರುವ ದೃಷ್ಟಿಭೇದ ಅಲ್ಲಿ ತಿಳಿಯಾಗಿ ಕಾಣುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕನ್ ಸೈನಿಕರಿಗೆಂದು ಬಂದ ಪುಸ್ತಕಗಳಿಂದ 1920ರಲ್ಲಿ ಹುಟ್ಟಿದ ಸಂಸ್ಥೆ ಅದು. 1940ರ ಜೂನ್ 14ರಂದು ಜರ್ಮನ್ ಸೈನ್ಯ ಪ್ಯಾರಿಸ್ಸನ್ನು ಹೊಕ್ಕಾಗ ಡೊರೊಥಿ ರೀಡರ್ ಎಂಬ ಮಹಿಳೆ ಅದರ ನಿರ್ದೇಶಕರಾಗಿದ್ದರು. ವಶಪಡಿಸಿಕೊಂಡ ದೇಶಗಳ ಗ್ರಂಥಾಲಯಗಳ ಉಸ್ತುವಾರಿಗೆಂದು ಜರ್ಮನರು ಕಳುಹಿಸಿದ್ದ ಅಧಿಕಾರಿ ಹೆರ್ಮನ್ ಫುಕ್ಸ್ ಸ್ವತಃ ಬರ್ಲಿನ್ನಿನ ಗ್ರಂಥಪಾಲಕ; ಯುದ್ಧಪೂರ್ವದ ಅಂತರರಾಷ್ಟ್ರೀಯ ಸಮ್ಮೇಳನಗಳಲ್ಲಿ ರೀಡರ್ ಅವರಿಗೆ ಪರಿಚಿತನಾಗಿದ್ದವನು. ಗ್ರಂಥಾಲಯ ತೆರೆದಿರಬಹುದು, ಆದರೆ ಯೆಹೂದ್ಯರಿಗೆ ಪ್ರವೇಶವಿಲ್ಲ ಎಂಬ ಕಟ್ಟಳೆಯಾಯಿತು. ಬಾಗಿಲಿಗೆ ಬರಬಾರದೆಂದರೆ ಪುಸ್ತಕವೇ ಅವರ ಮನೆಗೆ ಹೋಗಲಿ ಎಂದು ಸಿಬ್ಬಂದಿ ನಿಶ್ಚಯಿಸಿದರು. ಬೋರಿಸ್ ನೆಚಾಯೆಫ್ ಎಂಬ ರಷ್ಯನ್ ಮೂಲದ ಗ್ರಂಥಪಾಲಕರ ಮೇಲೆ ಗೆಸ್ಟಾಪೊ ಗುಂಡು ಹಾರಿಸಿ ಗಾಯಗೊಳಿಸಿತು. ಅವರು ಬದುಕಿ ಉಳಿದರು. ಇಷ್ಟನ್ನು ಆಧಾರವಾಗಿಟ್ಟುಕೊಂಡು ಕಾದಂಬರಿಕಾರ್ತಿ ಓಡೀಲ್ ಎಂಬ ತರುಣಿಯನ್ನು ಕಲ್ಪಿಸಿದ್ದಾರೆ. ಆಕೆಯ ಮೂಲಕ ಪುಸ್ತಕ ಹೊತ್ತು ನಡೆದವರ ಅಂಜಿಕೆ ನಮಗೂ ಮುಟ್ಟುತ್ತದೆ.

ಚರಿತ್ರಕಾರ ಮಾತ್ರ ಮತ್ತೊಂದು ಪ್ರಶ್ನೆಯನ್ನು ಕೇಳದೆ ಬಿಡಲಾರ. 1941ರ ಕೊನೆಯಲ್ಲಿ ಅಮೆರಿಕ ಯುದ್ಧಕ್ಕಿಳಿದ ಮೇಲೂ ಶತ್ರುದೇಶದ ಹೆಸರು ಹೊತ್ತ ಸಂಸ್ಥೆ ಹೇಗೆ ಉಳಿಯಿತು? ರೀಡರ್ ಸ್ವದೇಶಕ್ಕೆ ಹಿಂದಿರುಗಿದ ಮೇಲೆ ಅಧಿಕಾರ ವಹಿಸಿಕೊಂಡ ಕ್ಲಾರಾ ಲಾಂಗ್‌ವರ್ತ್ ದ ಶಾಂಬ್ರನ್ ಅವರ ಮಗ ಮದುವೆಯಾಗಿದ್ದದ್ದು ಪಿಯೆರ್ ಲವಾಲ್‌ನ ಮಗಳನ್ನು. ಜರ್ಮನರೊಡನೆ ಕೈಜೋಡಿಸಿದ ವಿಶೀ ಸರ್ಕಾರದ ಪ್ರಧಾನಿ ಈ ಲವಾಲ್. 1945ರಲ್ಲಿ ದೇಶದ್ರೋಹಕ್ಕಾಗಿ ಮರಣದಂಡನೆಗೆ ಗುರಿಯಾದವನು. ಪುಸ್ತಕಗಳನ್ನು ಕಾಪಾಡಿದ ಕೈಗಳಲ್ಲಿ ಇಂತಹ ನಂಟಸ್ತಿಕೆಯ ಕೈಯೂ ಒಂದು. ಇದನ್ನು ಹೇಳುವುದರಿಂದ ಬೇರೆಯವರ ಧೈರ್ಯವೇನೂ ಕಿರಿದಾಗದು. ಮರೆಮಾಚಿದರೆ ಮಾತ್ರ ಆ ಧೈರ್ಯದ ಚರಿತ್ರೆಯನ್ನೂ ಓದುಗ ಸಂದೇಹದಿಂದ ನೋಡಬೇಕಾಗುತ್ತದೆ.

ಇವೆಲ್ಲಕ್ಕಿಂತ ನಮ್ಮ ವಿಚಾರಕ್ಕೆ ಹೆಚ್ಚು ಆಹಾರವೊದಗಿಸುವುದು ವಿಲ್ನಾ ನಗರದ ವೃತ್ತಾಂತ. ಇಂದಿನ ಲಿಥುವೇನಿಯದ ರಾಜಧಾನಿ ವಿಲ್ನಿಯಸ್ ಎಂಬುದೇ ಅದು. ಯೆಹೂದ್ಯರು ಅದನ್ನು ‘ಲಿಥುವೇನಿಯದ ಜೆರುಸಲೇಮ್’ ಎಂದು ಕರೆಯುತ್ತಿದ್ದರು. ಇದು ಬರಿಯ ಅಭಿಮಾನದ ಮಾತಾಗಿರಲಿಲ್ಲ. ಮತಿತ್ಯಾಹು ಸ್ಟ್ರಾಶುನ್ ಎಂಬ ವಿದ್ವಾಂಸರು 1885ರಲ್ಲಿ ತೀರಿಕೊಳ್ಳುವಾಗ ಸಮಾಜಕ್ಕೆ ಬಿಟ್ಟುಹೋದ ಗ್ರಂಥಸಂಗ್ರಹ ಬೆಳೆದು ಸುಮಾರು 40,000 ಸಂಪುಟಗಳ ಸಾರ್ವಜನಿಕ ಗ್ರಂಥಾಲಯವಾಗಿತ್ತು. ಪೂರ್ವ ಯೂರೋಪಿನ ಯೆಹೂದ್ಯರ ನುಡಿಯಾದ ಯಿಡ್ಡಿಷ್ ಮತ್ತು ಅವರ ಜನಜೀವನವನ್ನು ಅಭ್ಯಸಿಸಲೆಂದು 1925ರಲ್ಲಿ ಸ್ಥಾಪನೆಯಾದ ‘ಯಿವೊ’ ಸಂಶೋಧನ ಸಂಸ್ಥೆ ಅಲ್ಲಿಯೇ ಇತ್ತು. ಹಳ್ಳಿಹಳ್ಳಿಗಳಿಂದ ಹಾಡು, ಗಾದೆ, ಪತ್ರ, ನಾಟಕದ ಜಾಹೀರಾತು ಎಲ್ಲವನ್ನೂ ಸಂಗ್ರಾಹಕರು ಆ ಸಂಸ್ಥೆಗೆ ಕಳುಹಿಸುತ್ತಿದ್ದರು.

ಜರ್ಮನರು ವಿಲ್ನಾಕ್ಕೆ ಬಂದದ್ದು 1941ರ ಜೂನ್ 24ರಂದು. ಸೆಪ್ಟೆಂಬರ್ 6ರಂದು ಯೆಹೂದ್ಯರನ್ನೆಲ್ಲ ಹಳೆಯ ಊರಿನ ಕೆಲವು ಇಕ್ಕಟ್ಟಾದ ಬೀದಿಗಳೊಳಗೆ ತುಂಬಿ ಘೆಟ್ಟೊ ಮಾಡಿದರು. ಆ ವರ್ಷ ಮುಗಿಯುವ ವೇಳೆಗೆ ನಗರದ ಯೆಹೂದ್ಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯನ್ನು ಹೊರವಲಯದ ಪೊನಾರಿ ಕಾಡಿನಲ್ಲಿ ಗುಂಡಿಕ್ಕಿ ಕೊಲ್ಲಲಾಗಿತ್ತು. ಇಂತಹ ಸ್ಥಳದಲ್ಲಿ, ಇಂತಹ ತಿಂಗಳುಗಳಲ್ಲಿ, ಒಂದು ಗ್ರಂಥಾಲಯ ಬಾಗಿಲು ತೆರೆಯಿತು. ಹೆರ್ಮನ್ ಕ್ರುಕ್ ಎಂಬುವರು ಅದರ ಮುಖ್ಯಸ್ಥರು. ವಾರ್ಸಾದಲ್ಲಿ ಕಾರ್ಮಿಕರ ಗ್ರಂಥಾಲಯವೊಂದನ್ನು ನಡೆಸಿ ಅನುಭವವಿದ್ದ ಅವರು 1939ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ವಿಲ್ನಾಕ್ಕೆ ಬಂದಿದ್ದರು. ಸ್ಟ್ರಾಶುನ್ ಬೀದಿಯ 6ನೆಯ ಸಂಖ್ಯೆಯ ಮನೆಯಲ್ಲಿ ಮೊದಲೇ ಇದ್ದ ಹಳೆಯ ಗ್ರಂಥಾಲಯವೊಂದು ಘೆಟ್ಟೊದ ಸರಹದ್ದಿನೊಳಗೆ ಸಿಕ್ಕಿತ್ತು. ಕ್ರುಕ್ ಅದರ ಪುಸ್ತಕಗಳನ್ನು ಜೋಡಿಸಿ, ಎರವಲಿನ ಲೆಕ್ಕವಿಟ್ಟು, ಓದುವ ಕೊಠಡಿಯೊಂದನ್ನು ಅಣಿಗೊಳಿಸಿದರು. ಹಿಂದಿನ ರಾತ್ರಿ ನೆರೆಯವರನ್ನು ಕಾಡಿಗೆ ಒಯ್ದದ್ದನ್ನು ಕಂಡವರು ಮರುದಿನ ಬಂದು ಕಾದಂಬರಿ ಕೇಳುತ್ತಿದ್ದರು.

ಇದು ಸರಿಯೇ ಎಂಬ ಪ್ರಶ್ನೆ ಕ್ರುಕ್ ಅವರನ್ನೂ ಕಾಡಿತು. 1942ರ ಜನವರಿಯಲ್ಲಿ ಘೆಟ್ಟೊದೊಳಗೆ ನಾಟಕವಾಡಲು ಹೊರಟಾಗ, ಸ್ಮಶಾನದಲ್ಲಿ ನಾಟಕ ಸಲ್ಲದೆಂದು ಪ್ರತಿಭಟಿಸಿದವರ ಸಾಲಿನಲ್ಲಿ ಅವರೂ ಇದ್ದರು. ಅದೇ ವರ್ಷದ ಡಿಸೆಂಬರ್ 13ರಂದು ಗ್ರಂಥಾಲಯವು ಒಂದು ಲಕ್ಷ ಪುಸ್ತಕಗಳನ್ನು ಓದುಗರಿಗೆ ಕೊಟ್ಟು ಮುಗಿಸಿದ್ದಕ್ಕೆ ಸಮಾರಂಭವೂ ನಡೆಯಿತು! ಈ ಎರಡು ಸಂಗತಿಗಳಲ್ಲಿ ವಿರೋಧವಿದೆಯೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಕ್ರುಕ್ ತಮ್ಮ ಓದುಗರನ್ನು ಕುರಿತು ಬರೆದಿಟ್ಟ ವರದಿಯನ್ನು ನೋಡಿದರೆ ಅವರಿಗೆ ಯಾವ ಭ್ರಮೆಯೂ ಇರಲಿಲ್ಲವೆಂದು ತಿಳಿಯುತ್ತದೆ. ಬಹುಮಂದಿ ಓದುವುದು ಮರೆಯುವುದಕ್ಕಾಗಿ, ಅದೊಂದು ಮಾದಕವಸ್ತು ಎಂದು ಅವರು ನೇರವಾಗಿಯೇ ಗುರುತಿಸಿದ್ದಾರೆ. ಎರವಲು ಹೋಗುತ್ತಿದ್ದುದರಲ್ಲಿ ಬಹುಪಾಲು ಕಥೆ ಕಾದಂಬರಿಗಳು. ಆದರೆ ಇನ್ನೊಂದು ಬಗೆಯ ಓದುಗರೂ ಇದ್ದರು. ತಮ್ಮ ಸ್ಥಿತಿಗೆ ಸಾಟಿಯಾದುದನ್ನು ಹಿಂದಿನ ಕಾಲದಲ್ಲಿ ಹುಡುಕಿಕೊಂಡು ಬರುತ್ತಿದ್ದ ಅವರು ಕೇಳುತ್ತಿದ್ದುದು ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯನ್ನು, ಮತ್ತು ಫ್ರಾನ್ಜ್ ವೆರ್ಫೆಲ್ ಅವರ ‘ಮೂಸಾ ದಾಗ್‌ನ ನಲವತ್ತು ದಿನಗಳು’ ಎಂಬ ಕಾದಂಬರಿಯನ್ನು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಗ್ರಂಥಪಾಲಕರನ್ನು ಕುರಿತು ಇಂದು ಐತಿಹಾಸಿಕ ಕಾದಂಬರಿ ಬರೆಯುತ್ತಿರುವವರು ಬಹುಶಃ ಅಷ್ಟಾಗಿ ಯೋಚಿಸದ ಸಂಗತಿಯೆಂದರೆ, ಆ ಗ್ರಂಥಪಾಲಕರ ಕೈಯಿಂದ ಕೈಗೆ ದಾಟುತ್ತಿದ್ದದ್ದೂ ಐತಿಹಾಸಿಕ ಕಾದಂಬರಿಯೇ. ವೆರ್ಫೆಲ್ ತಮ್ಮ ಕೃತಿಯನ್ನು ಪ್ರಕಟಿಸಿದ್ದು 1933ರಲ್ಲಿ; ಮರುವರ್ಷವೇ ಜರ್ಮನಿಯಲ್ಲಿ ಅದು ನಿಷಿದ್ಧವಾಯಿತು. 1915ರಲ್ಲಿ ತುರ್ಕಿ ಸಾಮ್ರಾಜ್ಯದ ಸರ್ಕಾರ ಆರ್ಮೇನಿಯನ್ನರನ್ನು ಊರು ಬಿಡಿಸಿ ಸಾವಿನ ಕಡೆಗೆ ನಡೆಸುತ್ತಿದ್ದಾಗ, ಮೂಸಾ ದಾಗ್ ಬೆಟ್ಟದ ಬುಡದ ಹಳ್ಳಿಗಳವರು ಬೆಟ್ಟವನ್ನೇರಿ ಹೋರಾಡಿದರು. ಕೊನೆಗೆ ಸಮುದ್ರದ ಕಡೆಯಿಂದ ಬಂದ ಫ್ರೆಂಚ್ ಹಡಗುಗಳು ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಕಾಪಾಡಿದವು. ಆ ಹೋರಾಟ ನಡೆದದ್ದು 53 ದಿನ. ಕಾದಂಬರಿಕಾರ ಅದನ್ನು ನಲವತ್ತಕ್ಕೆ ಇಳಿಸಿದ. ನಲವತ್ತೆಂಬ ಸಂಖ್ಯೆಗೆ ಬೈಬಲ್ಲಿನಲ್ಲಿ ಮೋಶೆಯ ಕಾಲದಿಂದ ಬಂದ ಅರ್ಥಗೌರವವಿದೆ. ಮೂಸಾ ಎಂಬ ಹೆಸರೂ ಮೋಶೆಯದೇ. ಘೆಟ್ಟೊದ ಓದುಗನಿಗೆ ದಿನದ ಲೆಕ್ಕ ಮುಖ್ಯವಾಗಿರಲಿಲ್ಲ. ಸಾಯುವುದು ನಿಶ್ಚಿತವಾದಾಗಲೂ ಬೆಟ್ಟವನ್ನೇರಬಹುದೆಂಬ ಒಂದು ಮಾತು ಅವನಿಗೆ ಆ ಪುಟಗಳಲ್ಲಿ ಸಿಕ್ಕಿತು. ವಿಲ್ನಾದಲ್ಲಷ್ಟೇ ಅಲ್ಲ, ಪೋಲೆಂಡಿನ ಬ್ಯಾಲಿಸ್ಟಾಕ್ ಘೆಟ್ಟೊದಲ್ಲಿ 1943ರ ಫೆಬ್ರವರಿಯಲ್ಲಿ ತರುಣರು ಕಾಡಿಗೆ ಹೋಗುವುದೋ ಇಲ್ಲಿಯೇ ನಿಂತು ಹೋರಾಡುವುದೋ ಎಂದು ಚರ್ಚಿಸಿದಾಗಲೂ ಈ ಬೆಟ್ಟದ ಹೆಸರು ಕೇಳಿಬಂದಿತ್ತು. ಕಾದಂಬರಿ ಓದುವುದು ಕಾಲಹರಣವೆಂದು ಇನ್ನೂ ಭಾವಿಸುವ ಹಿರಿಯರು ನಮ್ಮಲ್ಲಿದ್ದಾರೆ. ಅವರು ಈ ಎರವಲು ಪಟ್ಟಿಯನ್ನು ಒಮ್ಮೆ ನೋಡಬೇಕು.

1942ರ ಆರಂಭದಲ್ಲಿ ಪುಸ್ತಕಗಳ ಮೇಲೆಯೇ ನೇರ ದಾಳಿ ಪ್ರಾರಂಭವಾಯಿತು. ನಾಝಿ ಸಿದ್ಧಾಂತಿ ರೋಸೆನ್‌ಬರ್ಗ್‌ನ ಹೆಸರಿನಲ್ಲಿ ಯೂರೋಪಿನಾದ್ಯಂತ ಗ್ರಂಥಾಲಯಗಳನ್ನು ಸೂರೆ ಮಾಡುತ್ತಿದ್ದ ಕಾರ್ಯಪಡೆಯ ಕಡೆಯಿಂದ ಯೋಹಾನ್ನೆಸ್ ಪೋಲ್ ಎಂಬಾತ ವಿಲ್ನಾಕ್ಕೆ ಬಂದ. ಈತ ಹಿಂದೆ ಕ್ಯಾಥೊಲಿಕ್ ಪಾದ್ರಿಯಾಗಿದ್ದವನು. ಜೆರುಸಲೇಮಿನಲ್ಲಿ ಹೀಬ್ರೂ ವ್ಯಾಸಂಗ ಮಾಡಿದವನು. ಪುಸ್ತಕದ ಬೆಲೆಯನ್ನು ಅರಿಯದವನು ಪುಸ್ತಕವನ್ನು ಸುಡುತ್ತಾನೆ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಪೋಲ್‌ಗೆ ಬೆಲೆ ಚೆನ್ನಾಗಿ ಗೊತ್ತಿತ್ತು. ಅತ್ಯುತ್ತಮವಾದ ಶೇಕಡ 30ರಷ್ಟನ್ನು ಜರ್ಮನಿಗೆ ಸಾಗಿಸಬೇಕು; ಉಳಿದ ಶೇಕಡ 70 ಕಾಗದದ ಕಾರ್ಖಾನೆಯಲ್ಲಿ ಅರೆದು ತಿರುಳಾಗಬೇಕು. ಇದು ಆಜ್ಞೆ. ಆರಿಸುವ ಕೆಲಸಕ್ಕೆ ಯೆಹೂದ್ಯ ವಿದ್ವಾಂಸರೇ ಬೇಕು. ಹೀಗೆ ಸುಮಾರು ನಲವತ್ತು ಮಂದಿ ಪ್ರತಿದಿನ ಬೆಳಿಗ್ಗೆ ಘೆಟ್ಟೊದಿಂದ ಹೊರಟು ಯಿವೊ ಕಟ್ಟಡಕ್ಕೆ ನಡೆದುಹೋಗಿ, ತಮ್ಮವರ ಗ್ರಂಥಗಳಲ್ಲಿ ಯಾವುದು ಉಳಿಯಬೇಕು ಯಾವುದು ಅಳಿಯಬೇಕು ಎಂದು ವಿಂಗಡಿಸತೊಡಗಿದರು. ಘೆಟ್ಟೊದವರು ಅವರಿಗೆ ‘ಕಾಗದದ ಪಡೆ’ ಎಂದು ಪರಿಹಾಸದ ಹೆಸರಿಟ್ಟರು.

ಅವರಲ್ಲಿ ಇಬ್ಬರು ಕವಿಗಳಿದ್ದರು, ಅಬ್ರಹಾಂ ಸುಟ್ಸ್ಕೇವರ್ ಮತ್ತು ಶ್ಮೆರ್ಕೆ ಕಚೆರ್ಗಿನ್ಸ್ಕಿ. ಯಿವೊ ಸಂಸ್ಥೆಯ ಹಿರಿಯ ವಿದ್ವಾಂಸ ಝೆಲಿಗ್ ಕಲ್ಮನೊವಿಚ್ ಇದ್ದರು. ಕ್ರುಕ್ ಅವರೂ ಇದ್ದರು. ಶೇಕಡ 30ರ ಮಿತಿಯೊಳಗೆ ಅಮೂಲ್ಯವಾದುದೆಲ್ಲವೂ ಹಿಡಿಯುವಂತಿರಲಿಲ್ಲ. ಆದ್ದರಿಂದ ಮೂರನೆಯ ಒಂದು ದಾರಿಯನ್ನು ಅವರು ಕಂಡುಕೊಂಡರು. ಸಂಜೆ ಮನೆಗೆ ಮರಳುವಾಗ ಅಂಗಿಯೊಳಗೆ, ಸೊಂಟದ ಸುತ್ತ, ಕಾಲಿನ ಬಟ್ಟೆಯೊಳಗೆ ಹಸ್ತಪ್ರತಿಗಳನ್ನು ಅಡಗಿಸಿಕೊಂಡು ಘೆಟ್ಟೊದ ಹೆಬ್ಬಾಗಿಲನ್ನು ದಾಟುವುದು. ಬಾಗಿಲಲ್ಲಿ ತಪಾಸಣೆಯಿತ್ತು. ಜರ್ಮನ್ ಅಧಿಕಾರಿಯೇ ನಿಂತಿರುವ ದಿನ ಸಿಕ್ಕಿಬಿದ್ದವರಿಗೆ ಹೊಡೆತ, ಅಥವಾ ಅದಕ್ಕಿಂತ ಹೆಚ್ಚಿನದು. ಒಮ್ಮೆ ಸುಟ್ಸ್ಕೇವರ್ ಒಲೆ ಉರಿಸಲು ರದ್ದಿ ಕಾಗದ ಬೇಕೆಂದು ಜರ್ಮನ್ ಮೇಲಧಿಕಾರಿಯಿಂದಲೇ ಲಿಖಿತ ಅನುಮತಿ ಪಡೆದರು. ಆ ‘ರದ್ದಿ’ಯಲ್ಲಿ ಟಾಲ್‌ಸ್ಟಾಯ್ ಬರೆದ ಪತ್ರಗಳಿದ್ದವು, ಶೋಲೆಂ ಅಲೈಖೆಮ್ ಅವರ ಹಸ್ತಪ್ರತಿಗಳಿದ್ದವು. ಊರೆಲ್ಲ ರೊಟ್ಟಿಯನ್ನೂ ಆಲೂಗೆಡ್ಡೆಯನ್ನೂ ಕದ್ದು ತರುತ್ತಿದ್ದಾಗ ಇವರು ಕಾಗದ ತರುತ್ತಿದ್ದುದನ್ನು ಕಂಡು ಹಲವರು ಹುಚ್ಚರೆಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಪುಸ್ತಕಗಳೊಡನೆ ಕೆಲವೊಮ್ಮೆ ಆಯುಧಗಳೂ ಬಂದವು. 1942ರ ಜನವರಿಯಲ್ಲಿ ಹುಟ್ಟಿದ ಗುಪ್ತ ಹೋರಾಟ ಸಂಘಟನೆಯಲ್ಲಿ ಆ ಇಬ್ಬರು ಕವಿಗಳೂ ಸದಸ್ಯರಾಗಿದ್ದರು.

ಈ ಪಡೆಯೊಳಗೇ ಒಂದು ಭಿನ್ನಾಭಿಪ್ರಾಯವಿತ್ತು. ನನ್ನ ದೃಷ್ಟಿಯಲ್ಲಿ ಇಡೀ ವೃತ್ತಾಂತದ ತಿರುಳು ಇದೇ. ಕಲ್ಮನೊವಿಚ್ ಅವರ ವಾದ ಹೀಗಿತ್ತು: ಘೆಟ್ಟೊದಲ್ಲಿ ಹೂತಿಟ್ಟದ್ದು ಘೆಟ್ಟೊದೊಡನೆ ನಾಶವಾಗಬಹುದು, ಜರ್ಮನಿಗೆ ಹೋದದ್ದು ಉಳಿಯುತ್ತದೆ, ಜರ್ಮನಿ ಸೋತೇ ಸೋಲುತ್ತದೆ, ಆಗ ಕದ್ದ ಮಾಲು ಕಳ್ಳನ ಮನೆಯಲ್ಲಿಯೇ ಸಿಕ್ಕುತ್ತದೆ. ಆದ್ದರಿಂದ ಆದಷ್ಟನ್ನು ಜರ್ಮನಿಯ ಪೆಟ್ಟಿಗೆಗಳಿಗೇ ತುಂಬಬೇಕು. ತರುಣರಿಗೆ ಇದು ಒಪ್ಪಿಗೆಯಾಗಲಿಲ್ಲ. ಶತ್ರುವಿನ ಕೈಗೆ ತಾನಾಗಿ ಕೊಡುವುದೆಂತು? ಕಾದಂಬರಿಯಾಗಿದ್ದರೆ ಇವರಲ್ಲಿ ಒಬ್ಬರನ್ನು ವೀರರನ್ನಾಗಿಯೂ ಮತ್ತೊಬ್ಬರನ್ನು ದುರ್ಬಲರನ್ನಾಗಿಯೂ ಮಾಡಬೇಕಾಗುತ್ತಿತ್ತೇನೊ. ಚರಿತ್ರೆ ಇಬ್ಬರನ್ನೂ ಭಾಗಶಃ ಸರಿಯೆಂದಿತು. ಜರ್ಮನಿಗೆ ಸಾಗಿಹೋದ ಯಿವೊ ಸಂಗ್ರಹದ ಬಹುಭಾಗವು ಯುದ್ಧಾನಂತರ ಅಮೆರಿಕನ್ ಸೈನ್ಯಕ್ಕೆ ಸಿಕ್ಕಿ, 1947ರಲ್ಲಿ ನ್ಯೂಯಾರ್ಕಿಗೆ ಸ್ಥಳಾಂತರಗೊಂಡಿದ್ದ ಅದೇ ಸಂಸ್ಥೆಯನ್ನು ಸೇರಿತು. ಘೆಟ್ಟೊದೊಳಗೆ ಅಡಗಿಸಿಟ್ಟದ್ದರಲ್ಲಿಯೂ ಒಂದು ಪಾಲು ಉಳಿಯಿತು. ಯಿವೊ ಕಟ್ಟಡದ ಅಟ್ಟದಲ್ಲಿ ಬಚ್ಚಿಟ್ಟದ್ದು ಮಾತ್ರ ಕಟ್ಟಡದೊಡನೆಯೇ ಸುಟ್ಟುಹೋಯಿತು. ಕಲ್ಮನೊವಿಚ್ ತಮ್ಮ ಲೆಕ್ಕಾಚಾರ ನಿಜವಾದುದನ್ನು ನೋಡಲಿಲ್ಲ; ಎಸ್ಟೋನಿಯದ ಶಿಬಿರದಲ್ಲಿ 1944ರಲ್ಲಿ ಅವರು ತೀರಿಕೊಂಡರು.

ಗೋಡೆಯ ಹೊರಗಿನಿಂದ ನೆರವಾದವರಲ್ಲಿ ವಿಲ್ನಾ ವಿಶ್ವವಿದ್ಯಾಲಯದ ಗ್ರಂಥಪಾಲಕಿ ಓನಾ ಶಿಮೈಟೆ ಅವರನ್ನು ಹೆಸರಿಸದೆ ಮುಂದುವರಿಯಲಾಗದು. ಆಕೆ ಯೆಹೂದ್ಯಳಲ್ಲ, ಲಿಥುವೇನಿಯದವಳು. ಘೆಟ್ಟೊದೊಳಗೆ ಹೋಗಲು ಆಕೆ ಹೂಡಿದ ಉಪಾಯ ಯಾವ ಕಾದಂಬರಿಕಾರನಿಗೂ ಹೊಳೆಯುತ್ತಿರಲಿಲ್ಲ: ಯೆಹೂದ್ಯ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಪುಸ್ತಕಗಳನ್ನು ಅವಧಿ ಮೀರಿದರೂ ಹಿಂದಿರುಗಿಸಿಲ್ಲ, ಅವನ್ನು ವಸೂಲು ಮಾಡಬೇಕು ಎಂದು ಅನುಮತಿ ಕೇಳಿದರು. ಕಚೇರಿಯ ಶಿಸ್ತನ್ನು ಮೆಚ್ಚುವ ಅಧಿಕಾರಿಗಳು ಕೊಟ್ಟರು! ಆಕೆ ಒಳಗೆ ಒಯ್ದದ್ದು ಆಹಾರ, ಪತ್ರ, ಸುದ್ದಿ. ಹೊರಗೆ ತಂದದ್ದು ಹಸ್ತಪ್ರತಿಗಳು. 1944ರಲ್ಲಿ ಸೆರೆಸಿಕ್ಕಿ ಚಿತ್ರಹಿಂಸೆಗೆ ಗುರಿಯಾಗಿ ಡಾಖಾವ್ ಶಿಬಿರಕ್ಕೆ, ಅಲ್ಲಿಂದ ಫ್ರಾನ್ಸಿನ ಶಿಬಿರವೊಂದಕ್ಕೆ ಸಾಗಿಸಲ್ಪಟ್ಟರು. ಇಸ್ರೇಲ್ 1966ರಲ್ಲಿ ಆಕೆಯನ್ನು ಗೌರವಿಸಿತು. 1970ರಲ್ಲಿ ಫ್ರಾನ್ಸಿನಲ್ಲಿಯೇ ತೀರಿಕೊಂಡರು.

ಈಗ ಕಲ್ಪನೆಯ ವಿಚಾರಕ್ಕೆ ಮರಳೋಣ. ಈ ವೃತ್ತಾಂತದ ಕುರಿತು ಮೊದಲ ‘ಕಾಲ್ಪನಿಕ’ ಕೃತಿಯನ್ನು ರಚಿಸಿದವರು ದೂರದ ಕಾದಂಬರಿಕಾರರಲ್ಲ, ಕಾಗದದ ಪಡೆಯವರೇ ಆದ ಸುಟ್ಸ್ಕೇವರ್. ವಿಲ್ನಾದ ರೊಮ್ ಮುದ್ರಣಾಲಯದ ತಾಲ್ಮುದ್ ಆವೃತ್ತಿ ಯೆಹೂದ್ಯ ಜಗತ್ತಿನಲ್ಲೆಲ್ಲ ಪ್ರಮಾಣವೆನಿಸಿತ್ತು. ಅದರ ಸೀಸದ ಅಚ್ಚಿನ ಫಲಕಗಳು ಆ ಮುದ್ರಣಾಲಯದಲ್ಲಿದ್ದವು. 1943ರ ದಿನಾಂಕ ಹೊತ್ತ ಪ್ರಸಿದ್ಧ ಕವನವೊಂದರಲ್ಲಿ ಸುಟ್ಸ್ಕೇವರ್, ಹೋರಾಟಗಾರರು ರಾತ್ರಿಯಲ್ಲಿ ಆ ಫಲಕಗಳನ್ನು ಕರಗಿಸಿ ಗುಂಡುಗಳನ್ನು ಎರಕ ಹೊಯ್ದರೆಂದು ಚಿತ್ರಿಸಿದ್ದಾರೆ. ಅಕ್ಷರವೇ ಆಯುಧವಾದ ಈ ಚಿತ್ರ ಎಷ್ಟು ಬಲವಾದದ್ದೆಂದರೆ ಬಹುಕಾಲ ಹಲವರು ಅದನ್ನು ನಡೆದ ಸಂಗತಿಯೆಂದೇ ನಂಬಿದರು. ವಾಸ್ತವವಾಗಿ ಹಾಗೆ ನಡೆಯಲಿಲ್ಲ. ಆ ಫಲಕಗಳನ್ನು ಜರ್ಮನರು ಹಳೆಯ ಸೀಸವೆಂದು ಮಾರಿ ಕರಗಿಸಿದ್ದರು.

ಕವಿ ಸುಳ್ಳು ಹೇಳಿದರೇ? ಸಾಹಿತ್ಯ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಅವಸರದಿಂದ ಬಗೆಹರಿಸಬಾರದು. ಅದೇ ಸುಟ್ಸ್ಕೇವರ್ 1946ರ ಫೆಬ್ರವರಿ 27ರಂದು ನ್ಯೂರೆಂಬರ್ಗ್ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದರು. ಅಲ್ಲಿ ತಾವು ಕಂಡದ್ದನ್ನು, ತಮ್ಮ ತಾಯಿಯ ಮತ್ತು ಹಸುಗೂಸಿನ ಕೊಲೆಯನ್ನು, ಕಂಡಂತೆಯೇ ಹೇಳಿದರು. ಕವನ ಯಾವುದು, ಸಾಕ್ಷ್ಯ ಯಾವುದು ಎಂಬುದು ಅವರಿಗೆ ಸ್ಪಷ್ಟವಾಗಿತ್ತು. ತೊಡಕು ಬಂದದ್ದು ಕವನವನ್ನು ಸಾಕ್ಷ್ಯವೆಂದು ಓದಿದವರಿಂದ. ಜರ್ಮನರು ಕರಗಿಸಿದ ಸೀಸವನ್ನು ಹೋರಾಟಗಾರರು ಕರಗಿಸಿದರೆಂದು ನಂಬಿದರೆ ಒಂದು ಲೂಟಿ ಮರೆಯಾಗುತ್ತದೆ. ಮಾರಿದವರ ಅಪರಾಧ ಲೆಕ್ಕದಿಂದ ಜಾರಿಹೋಗುತ್ತದೆ. ಇಂದಿನ ಕಾದಂಬರಿಗಳ ಬಗೆಗೂ ನನ್ನ ಆಕ್ಷೇಪಣೆ ಇಷ್ಟೇ. ಓಡೀಲ್‌ಳನ್ನು ಕಲ್ಪಿಸಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಓಡೀಲ್‌ಳನ್ನು ಓದಿದವರು ಡೊರೊಥಿ ರೀಡರ್ ಅವರನ್ನೂ, ಲವಾಲ್‌ನ ನಂಟಸ್ತಿಕೆಯನ್ನೂ ತಿಳಿಯದೆ ಉಳಿದರೆ ಅರ್ಧ ಓದಿದಂತಾಯಿತು.

ಕ್ರುಕ್ ಅವರು ಕಲ್ಪನೆಯ ದಾರಿಯನ್ನು ಹಿಡಿಯಲಿಲ್ಲ. ಅವರು ದಿನಚರಿ ಬರೆದರು. 1943ರ ಸೆಪ್ಟೆಂಬರ್ 23ರಂದು ಘೆಟ್ಟೊ ಕೊನೆಗೊಂಡ ಮೇಲೆ ಎಸ್ಟೋನಿಯದ ಶಿಬಿರಗಳಲ್ಲಿಯೂ ಬರೆಯುವುದನ್ನು ನಿಲ್ಲಿಸಲಿಲ್ಲ. 1944ರ ಸೆಪ್ಟೆಂಬರ್ 17ರಂದು ಲಗೆಡಿ ಎಂಬಲ್ಲಿ ತಮ್ಮ ಬರಹಗಳನ್ನು ಕೆಲವರ ಸಮ್ಮುಖದಲ್ಲಿ ನೆಲದಲ್ಲಿ ಹೂತರು. ಮರುದಿನ ಅವರನ್ನೂ ಜೊತೆಯವರನ್ನೂ ಕೊಂದು ಸುಟ್ಟರು. ಹೂತದ್ದನ್ನು ಕಂಡಿದ್ದವರಲ್ಲಿ ಬದುಕಿ ಉಳಿದ ಒಬ್ಬರು ಹಿಂದಿರುಗಿ ಅದನ್ನು ಅಗೆದು ತೆಗೆದರು. ಅವರ ದಿನಚರಿ ಯಿಡ್ಡಿಷ್ ಭಾಷೆಯಲ್ಲಿ 1961ರಲ್ಲಿ, ಇಂಗ್ಲಿಷಿನಲ್ಲಿ 2002ರಲ್ಲಿ ಪ್ರಕಟವಾಯಿತು.

ಕವಿಗಳಿಬ್ಬರೂ ಘೆಟ್ಟೊ ಮುಗಿಯುವ ಮುನ್ನವೇ ಕಾಡು ಸೇರಿದ್ದರು. 1944ರ ಜುಲೈಯಲ್ಲಿ ವಿಲ್ನಾ ಬಿಡುಗಡೆಯಾದೊಡನೆ ಹಿಂದಿರುಗಿ, ಅಡಗುತಾಣಗಳನ್ನು ಅಗೆದು, ಒಂದು ಯೆಹೂದ್ಯ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದರು. ಆದರೆ ಬಿಡುಗಡೆ ಮಾಡಿದ ಸೋವಿಯತ್ ಆಡಳಿತವೇ ಅಂಗಳದಲ್ಲಿ ರಾಶಿಬಿದ್ದಿದ್ದ ಯಿವೊ ಕಾಗದಗಳನ್ನು ಗಾಡಿಗಟ್ಟಲೆ ಕಾಗದದ ಕಾರ್ಖಾನೆಗೆ ಸಾಗಿಸಿತು. ಜರ್ಮನರಿಂದ ಉಳಿಸಿದ್ದನ್ನು ಮತ್ತೊಮ್ಮೆ ಕದ್ದು ಹೊರದೇಶಕ್ಕೆ ಸಾಗಿಸುವ ಕೆಲಸ ಅದೇ ಜನರ ಪಾಲಿಗೆ ಬಂತು. ಒಯ್ಯಲಾಗದೆ ಉಳಿದದ್ದು 1949ರಲ್ಲಿ ಆ ಸಂಗ್ರಹಾಲಯ ಮುಚ್ಚಿದಾಗ ಅಂತಾನಾಸ್ ಉಲ್ಪಿಸ್ ಎಂಬ ಲಿಥುವೇನಿಯದ ಗ್ರಂಥಾಧಿಕಾರಿಯ ವಶಕ್ಕೆ ಬಂತು. ಅವರ ಗ್ರಂಥಭಂಡಾರವಿದ್ದದ್ದು ಕಾರ್ಮೆಲೈಟ್ ಸನ್ಯಾಸಿಗಳ ಹಳೆಯ ಮಠದಲ್ಲಿ, ಅದಕ್ಕೆ ಹೊಂದಿಕೊಂಡ ಸಂತ ಜಾರ್ಜ್ ದೇವಾಲಯದಲ್ಲಿ. ಯೆಹೂದ್ಯ ಗ್ರಂಥಗಳ ಹೆಸರೆತ್ತುವುದೇ ಅಪಾಯಕರವಾಗಿದ್ದ ಆ ವರ್ಷಗಳಲ್ಲಿ ಉಲ್ಪಿಸ್ ಅವನ್ನು ಪಟ್ಟಿಯಲ್ಲಿ ಕಾಣಿಸದೆ, ಬೇರೆ ಕಾಗದಗಳ ರಾಶಿಯ ಅಡಿಯಲ್ಲಿ ಇರಿಸಿದರು. ಅವು ಅಲ್ಲಿವೆಯೆಂಬುದು ಹೊರಗೆ ತಿಳಿದದ್ದು 1980ರ ದಶಕದ ಕೊನೆಯಲ್ಲಿ. 2017ರಲ್ಲಿ ಅದೇ ದೇವಾಲಯದಿಂದ ಬಂದ ಇನ್ನೂ ಸುಮಾರು 1,70,000 ಪುಟಗಳು ಗುರುತಿಗೆ ಬಂದವು.

ನ್ಯೂಯಾರ್ಕಿನಲ್ಲಿರುವ ಭಾಗಕ್ಕೂ ವಿಲ್ನಿಯಸ್ಸಿನಲ್ಲಿರುವ ಭಾಗಕ್ಕೂ ನಡುವೆ ಸಾಗರವಿದೆ. ಯಾರದು ಎಂಬ ತಕರಾರೂ ಬಹುಕಾಲ ನಡೆಯಿತು. ಕೊನೆಗೆ ಎರಡೂ ಕಡೆಯವರು ಸೇರಿ ಪುಟಪುಟವನ್ನೂ ಛಾಯಾಪ್ರತಿ ಮಾಡಿ ಗಣಕಯಂತ್ರದಲ್ಲಿ ಒಂದುಗೂಡಿಸುವ ಕೆಲಸವನ್ನು ಕೈಗೊಂಡು 2022ರ ಜನವರಿಯಲ್ಲಿ ಮುಗಿಸಿದರು. ಕಲ್ಮನೊವಿಚ್ ಅವರ ಮಾತಿನಂತೆ ಜರ್ಮನಿಗೆ ಹೋದ ಹಾಳೆಗಳೂ, ಸುಟ್ಸ್ಕೇವರ್ ಮತ್ತು ಅವರ ಸಂಗಡಿಗರು ಅಂಗಿಯೊಳಗೆ ತಂದ ಹಾಳೆಗಳೂ ಈಗ ಅಲ್ಲಿ ಒಂದೇ ಪಟ್ಟಿಯಲ್ಲಿವೆ.